ಎಂಟನೆಯ ರಿವೆಟ್ಟು

ಬ್ಯಾಲರಾಟಿನ ಚಳಿಗೆ ಬೆರಳು ಸ್ಪ್ಯಾನರಿಗೇ ಅಂಟುತ್ತದೆ.
ಡ್ಯಾಟ್ಸನ್ನಿನ ಹೊಟ್ಟೆಯಡಿ ಅಂಗಾತ ಮಲಗಿ
ಕೆರೆಯುತ್ತೇನೆ: ತುಕ್ಕು, ಟಾರು, ಮತ್ತೆ ತುಕ್ಕು,
ಆಮೇಲೆ ಇದ್ದಕ್ಕಿದ್ದಂತೆ
ಒಂದು ಹಸಿರು ಗಿಳಿ.

ಯಾರೋ ಪುಣ್ಯಾತ್ಮ
ಬಿಸ್ಕತ್ ಡಬ್ಬಿ ಸೀಳಿ, ಬಡಿದು ಚಪ್ಪಟೆ ಮಾಡಿ
ತೂತಿಗೆ ತೇಪೆ ಹಾಕಿದ್ದಾನೆ.
ಏಳು ರಿವೆಟ್ಟು. ಎಂಟನೆಯದಕ್ಕೆ ಸೋಮಾರಿತನ.
ಬೈದೆ, ಕನ್ನಡದಲ್ಲೇ, ಬಾಯ್ತುಂಬ.

ಹಿಂದೀಪದ ಕೆಂಪು ಗಾಜಿಗೆ ನಾನು ಮೂರು ವರ್ಷ ಅಲೆದವನು.
ಕೊನೆಗೆ ಅರಾರತ್ತಿನಾಚೆ, ನೆವಿಲ್ ಹ್ಯಾಕೆಟ್ಟನ ಹುಲ್ಲುಗಾವಲಲ್ಲಿ
ಇದೇ ಮಾಡೆಲ್ಲು, ಗಾಲಿಯಿಲ್ಲದೆ;
ಹಿಂದಿನ ಸೀಟಿನಲ್ಲಿ ಕಾವಿಗೆ ಕೂತ ಕೋಳಿ.
"ಸದ್ದು ಮಾಡಬೇಡ," ಅಂದ, "ಇನ್ನು ನಾಲ್ಕೇ ದಿನ."
ಉಸಿರು ಬಿಗಿಹಿಡಿದು ಸ್ಕ್ರೂ ತಿರುಗಿಸಿದೆ.
ಕೋಳಿ ಒಂದು ಕಣ್ಣಿಂದ ನೋಡಿತು.
ಹಣ ಬೇಡವೆಂದ. ನನ್ನ ಹಳೆಯ ಫ್ಯಾನ್ ಬೆಲ್ಟ್ ಕೇಳಿದ,
ಯಾಕೆಂದು ಹೇಳಲಿಲ್ಲ.

ಈಗ ಹೊಸ ತಗಡು ಕತ್ತರಿಸಿ ತಂದಿದ್ದೇನೆ. ಅಳತೆ ಸರಿ.
ಗಿಳಿಯನ್ನು ಕೀಳಬೇಕು,
ಒಂದು ಉಳಿಯೇಟು ಸಾಕು.
ಟಾರ್ಚು ಹಿಡಿದೆ.
ಇಷ್ಟು ವರ್ಷದ ಕೆಸರು, ಜಲ್ಲಿ, ಉಪ್ಪುಗಾಳಿ;
ಕೊಕ್ಕಿನ ಕೆಂಪು ಇನ್ನೂ ಬಿಟ್ಟಿಲ್ಲ.

ತಗಡನ್ನು ಗೋಡೆಗೆ ಒರಗಿಸಿ
ಆ ಎಂಟನೆಯದನ್ನು
ನಾನೇ ಹೊಡೆದೆ.