ಸಕ್ಕರೆ ಇಲ್ಲ

ಮೊದಲ ಸಲ ಬಂದಾಗ ಕೇಳಿದ್ದು ನೀರು.
ಲ್ಯಾಬಿನ ಕ್ಯಾನಿನಿಂದ ಐದು ಲೋಟ, ನಿಂತೇ ಕುಡಿದಳು
ಶೇವಂತಾ ತಾಂಡೇಲ, ಐವತ್ತೆರಡು, ಬೈತಖೋಲ.
‘ರಾತ್ರಿ ಎಂಟು ಸಲ ಏಳ್ತೆ, ತಮಾ.
ಕೊಡ ತಲೆದೆಸೆಗೇ ಇಟ್ಕಂಡು ಮಲಗ್ತೆ.’
ಸಕ್ಕರೆಯೇ, ಎಂದಿತ್ತಂತೆ ಕಾರವಾರದ ಇಡೀ ಮೀನುಪೇಟೆ.

ರಕ್ತ ನೋಡಿದೆ. ಸಕ್ಕರೆ ಇಲ್ಲ.
ಮೂತ್ರ ನೋಡಿದೆ. ಸಕ್ಕರೆ ಇಲ್ಲ.
‘ನಿಲ್’ ಎಂದು ಬರೆದು ಕೆಳಗೊಂದು ಗೆರೆ ಎಳೆದೆ;
ನಮ್ಮ ಕಸುಬಿನಲ್ಲಿ ಅದು ಸಿಹಿ ಹಂಚುವ ಶಬ್ದ.
ಸೀಸೆಯನ್ನು ಮಾತ್ರ ಕಿಟಕಿಗೆ ಹಿಡಿದು ಒಂದು ಗಳಿಗೆ ನೋಡಿದ್ದೆ.
ಬಣ್ಣವೇ ಇಲ್ಲ. ಅದರಾಚೆ ಬಂದರಿನ ಕ್ರೇನು
ಎಡದ್ದು ಬಲಕ್ಕಾಗಿ, ಸ್ಪಷ್ಟ ಕಂಡಿತ್ತು.
ತೊಳೆದಿಟ್ಟೆ.

ಎರಡನೇ ಸಲ ಬೆಕ್ಕಿನ ದೂರು.
ಬಲಗಡೆಯಿಂದ ಬರುತ್ತದಂತೆ, ಬುಟ್ಟಿಯ ಬಂಗಡೆ ಎತ್ತುತ್ತದಂತೆ,
ಎದುರಿನ ಗಿರಾಕಿ ನಕ್ಕ ಮೇಲೇ ಇವಳಿಗೆ ಗೊತ್ತು.
ಎಡಗಡೆಯಿಂದ ಕಾಗೆ.
‘ಟಾಂಗಾ ಕುದುರೆಗೆ ಕಟ್ತಿದ್ರಲ ಪಟ್ಟಿ, ಹಂಗೆ ಆಗದೆ.’
ಸೆರಗು ಸರಿಮಾಡಿಕೊಂಡಾಗ ಒಂದು ಬದಿ ಸಪಾಟು ಕಂಡಿತು.
ಕೇಳಿದೆ.
‘ಅದಾ? ಆರು ವರ್ಷ ಆತು. ಹುಬ್ಬಳ್ಳಿಲಿ ತೆಗ್ದರು.
ಅದು ಮುಗ್ದ ಕತೆ. ನೀರಡಿಕೆಗೂ ಅದಕ್ಕೂ ಏನು?’

ಏನೆಂದು ಬಾಂಬೋಳಿಯ ಯಂತ್ರ ಹೇಳಿತು.
ಮೂಗಿನ ಬುಡದ ಹಿಂದೆ, ಕುದುರೆ ಜೀನಿನಂಥ ಎಲುಬಿನ ಕುಳಿಯಲ್ಲಿ
ಬಟಾಣಿಯಷ್ಟು ಒಂದು ಗ್ರಂಥಿ.
ಎದೆಯಲ್ಲಿ ಹುಟ್ಟಿದ್ದರ ಬೀಜ ಅಲ್ಲಿಗೆ ಹೋಗಿ ಬೇರೂರಿ
ಮೇಲೆ ಕಣ್ಣಿನ ನರಗಳ ಕತ್ತರಿಯನ್ನು ನೂಕುತ್ತಿದೆ.
ಡಾಕ್ಟರು ಪಿಟ್ಯುಟರಿ ಎಂದರು;
ಅವಳು ಎರಡು ಸಲ ಹೇಳಿ ನೋಡಿ ಬಿಟ್ಟಳು.
ನಾನು ಮಾಣಿಕಟ್ಟೆಯವ, ಗಜನಿಯ ಮಾತಲ್ಲಿ ಹೇಳಿದೆ:
ಜಂತ್ರಡಿ ಕಾಯುವವ ಜಾಗ ಬಿಟ್ಟಿದ್ದಾನೆ, ಅಕ್ಕಾ.
ಹಲಗೆ ಇಳಿಸುವವರಿಲ್ಲ. ಒಳಗಿನ ನೀರೆಲ್ಲ ಹೊಳೆಗೆ.
‘ಅವನ್ನ ಓಡ್ಸಿದ್ದು ಯಾರು?’
ನಾನು ಹೇಳಲಿಲ್ಲ. ಅವಳ ಕೈ ಆಗಲೇ
ಸೆರಗಿನ ಆ ಬದಿಗೆ ಹೋಗಿತ್ತು.

ಈಗ ಗುಳಿಗೆ ಇದೆ. ರಾತ್ರಿ ಒಂದೇ ಸಲ ಏಳುತ್ತಾಳೆ.
ಕೊಡ ಮಾತ್ರ ತಲೆದೆಸೆಯಲ್ಲೇ. ‘ರೂಢಿ.’
ಮುಂದಿನ ಸೋಮವಾರದಿಂದ ತಲೆಗೆ ಕಿರಣ.
ಎಷ್ಟು ದಿನ ಎಂದು ಯಾರನ್ನೂ ಕೇಳುವುದಿಲ್ಲ,
ಇವತ್ತು ಸೋಡಿಯಂ ಎಷ್ಟು ಎಂದು ನನ್ನನ್ನು ಕೇಳುತ್ತಾಳೆ.
ನೂರಾ ನಲವತ್ತು ಎಂದರೆ,
‘ಉಪ್ಪು ಸಮಾ ಅದೆ ಹಂಗಾರೆ,’ ಮೀನು ಹದ ನೋಡುವವಳ ನಗು.

ಹೊರಡುವಾಗ ನಾನು ಬಾಗಿಲ ಪಕ್ಕ ನಿಂತಿರುತ್ತೇನೆ.
ಕಣ್ಣಂಚಲ್ಲಿ ನೋಡಿ ದಾಟಿಬಿಡುವ ಹಾಗಿಲ್ಲ ಅವಳಿಗೆ.
ನಿಲ್ಲುತ್ತಾಳೆ. ತಲೆಯ ಮೇಲಿನ ಬುಟ್ಟಿ ಸಮೇತ
ಇಡೀ ಮೈ ತಿರುಗಿಸಿ ನೋಡುತ್ತಾಳೆ.