ಮೊದಲ ಶಾಟಿನ ಗೋಡೆ

ಹಳತು ಮಾಡುವುದು ನನ್ನ ಕಸುಬು.
ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ಹನ್ನೊಂದು ವರ್ಷ
ಹೊಸ ಪ್ಯಾಂಟುಗಳ ಮೊಣಕಾಲು ಉಜ್ಜಿದ್ದೇನೆ,
ಎಂದೂ ಮೊಣಕಾಲೂರದವರು ತೊಡಲೆಂದು.
ಉಗುರೊಳಗೆ ಕೂತ ನೀಲಿ
ಮದುವೆ ಊಟದಲ್ಲೂ ಅನ್ನದ ಮೇಲೆ ಕಾಣುತ್ತದೆ.

ಅದಕ್ಕೇ ಕರೆಸಿದರು ಸಿನಿಮಾದವರು.
"ದೊಡ್ಡಬಸಪ್ಪ, ಒಂದು ಅಂಗಿ ಬೇಕು,
ಏಳು ವರ್ಷ ಮೊಳೆಗೆ ತೂಗಿದ್ದು."
ಅಂಗಿಯವನು ಸಿನಿಮಾದಲ್ಲಿ ಬರುವುದೇ ಇಲ್ಲ.
ಮೊದಲ ಮೂರು ನಿಮಿಷ ಮಾತಿಲ್ಲ, ಸಂಗೀತವಿಲ್ಲ,
ಮನೆ ಮಾತ್ರ.
ಅವನು ಇನ್ನು ಬರಲಿಕ್ಕಿಲ್ಲ ಎಂದು
ಮನೆಯೇ ಹೇಳಬೇಕಂತೆ.

ಕೋಟೆ ಗುಡ್ಡದ ಬುಡಕ್ಕೆ ಹುಲಿಗೆಮ್ಮನ ಮನೆ,
ದಿನಕ್ಕೆ ಎರಡು ಸಾವಿರ ಬಾಡಿಗೆ, ಚಹಾ ಬೇರೆ.
ನಿರ್ದೇಶಕ ಇನ್ನೂ ಹುಡುಗ,
ಕನ್ನಡಕದ ಮುರಿದ ಕಾಲಿಗೆ ದಾರ ಸುತ್ತಿದವನು,
ಇಡೀ ಊರು ನೋಡುವ ಗುಡ್ಡಕ್ಕೆ ಬೆನ್ನು ಹಾಕಿ ಹೇಳಿದ:
"ಗುಡ್ಡ ಬೇಡ. ಅದರ ನೆರಳು ಸಾಕು."
ಐದೂಕಾಲಿಗೆ ಅದು ಅಂಗಳಕ್ಕಿಳಿಯುತ್ತದೆ.
ಸಾಲ ಕೇಳಲು ಬಂದ ನೆಂಟನ ಹಾಗೆ
ಹೊಸ್ತಿಲಲ್ಲಿ ತುಸು ನಿಂತು,
ಆಮೇಲೆ ಒಳಗೆ ಬಂದು, ಗೋಡೆ ಹತ್ತುತ್ತದೆ.

ಕೆಂಪು ಧೂಳೂ ಸಾಲಲಿಲ್ಲ ಅವರಿಗೆ.
ಕ್ಯಾಮೆರಾದಲ್ಲಿ ಕಂದು ಕಾಣುತ್ತದೆಂದು
ಜರಡಿ ಹಿಡಿದ ಕೆಮ್ಮಣ್ಣು ಎರಡು ಚೀಲ ತರಿಸಿ
ಬಳ್ಳಾರಿಯ ಮೇಲೆ ಬಳ್ಳಾರಿ ಚೆಲ್ಲಿದರು.
ಅವರು ಚೆಲ್ಲಿದಷ್ಟೂ
ಹುಲಿಗೆಮ್ಮ ಗುಡಿಸಿದಳು.

ಕುರ್ಚಿ ಅರ್ಧ ಗೇಣು ಎಡಕ್ಕೆ:
ಯಾರೋ ಈಗಷ್ಟೇ ಎದ್ದು ಹೋದಂತಾಯಿತು.
ಬಲಕ್ಕೆ: ಯಾರೂ ಕೂತೇ ಇಲ್ಲದಂತಾಯಿತು.
ಅಲ್ಲೇ ಬಿಟ್ಟರು.
ಗಡಿಯಾರ ತೆಗೆಸಿದ ಹುಡುಗ,
"ಅದು ವಿಪರೀತ ಮಾತಾಡುತ್ತದೆ."
ಕೊಡದ ಮುಚ್ಚಳ ತೆರೆದ, ಮುಚ್ಚಿದ,
ಕಡೆಗೆ ಕೊಡವನ್ನೇ ಹೊರಗಿಡಿಸಿದ.

ನನ್ನ ಅಂಗಿಗೆ ಎರಡು ದಿನ ಹಿಡಿದಿತ್ತು.
ಕಾಲರಿಗೆ ಚಹಾದ ಕಷಾಯದಲ್ಲಿ ಬೆವರಿನ ಗೆರೆ,
ಮೊಣಕೈಗೆ ಕಲ್ಲಿನ ಉಜ್ಜು,
ಮೂರನೆಯ ಗುಂಡಿ ಒಂದೇ ಎಳೆಯ ಮೇಲೆ,
ಯಾರಿಗೂ ಕಾಣದ ಜೇಬಿನಲ್ಲಿ
ಚಿಟಿಕೆ ಬೀಡಿ ಸೊಪ್ಪು.
ಹಿಂದಿನ ರಾತ್ರಿ ಕರೆಂಟಿಲ್ಲದ ಹೊತ್ತಲ್ಲಿ
ಕ್ಯಾಲೆಂಡರು ಇಳಿಸಿ ನಾನೇ ತೂಗಿದ್ದೆ.
ಲೈಟಿನವರೆಲ್ಲ ತಲೆದೂಗಿದರು.

ಹುಲಿಗೆಮ್ಮ ಮಾನಿಟರಿನಲ್ಲಿ ಬಗ್ಗಿ ನೋಡಿದಳು.
"ನಮ್ಮನಿ ಯಾರ್ದೋ ಮನಿ ಆಗೈತಲ್ಲೋ.
ಇರ್ಲಿ. ಆ ಅಂಗಿ ಮಾತ್ರ ಸುಳ್ಳು.
ಏಳು ವರ್ಸ ಅಂಗಿ ಯಾರಿಟ್ಕಂತಾರಪ್ಪಾ?
ಎಲ್ಡನೇ ವರ್ಸಕ್ಕ ಅದು ನೆಲ ಒರಸೋ ಬಟ್ಟಿ."
ಯಾರನ್ನೂ ಕೇಳದೆ ಒಳಗೆ ಹೋಗಿ
ಮೊಳೆಯಿಂದ ತೆಗೆದು, ಮಡಚಿ,
ನನ್ನ ತೊಡೆಯ ಮೇಲಿಟ್ಟಳು.

ಗೋಡೆಯೆಲ್ಲ ಒಲೆಯ ಹೊಗೆ ಕುಡಿದ ಸುಣ್ಣ.
ಮೊಳೆಯ ಕೆಳಗೆ ಮಾತ್ರ ಬಿಳಿ,
ಎರಡು ಭುಜ, ಒಂದು ತೋಳು ತುಸು ಗಿಡ್ಡ.
ಒಂದೇ ರಾತ್ರಿ ತೂಗಿದ ಅಂಗಿ
ಇಷ್ಟು ಬಿಳಿ ಉಳಿಸುವುದಿಲ್ಲ.
ಯಾರದೆಂದು ನಾವು ಕೇಳಲಿಲ್ಲ.
ಆಕೆ ಚಹಾಕ್ಕೆ ನೀರಿಡಲು ಹೋದಳು.

ಹುಡುಗ ಮೆಲ್ಲಗೆ ಅಂದ, "ರೋಲ್."
ನೆರಳು ಹೊಸ್ತಿಲು ದಾಟಿತು,
ಕುರ್ಚಿಯ ಕಾಲು, ಕುರ್ಚಿಯ ಬೆನ್ನು,
ಗಿಡ್ಡ ತೋಳು, ಭುಜ.
ಕೊನೆಗೆ ಮೊಳೆಯ ತಲೆಯೊಂದು ಕಿಡಿಯಾಗಿ ಉಳಿದು
ಅದೂ ಆರಿತು.
ನನ್ನ ಕೈಯಲ್ಲಿ ಮೂರನೆಯ ಗುಂಡಿ ಕಿತ್ತು ಬಂದಿತ್ತು.

ಮರುವರ್ಷ ಮ್ಯಾಟಿನಿಗೆ ಹೆಂಡತಿಯ ಜೊತೆ ಹೋದೆ.
ಇಪ್ಪತ್ತು ಜನ ಇದ್ದರೆ ಹೆಚ್ಚು.
ತಡವಾಗಿ ಬಂದವನೊಬ್ಬ ಮೊಬೈಲು ಬೆಳಗಿಸಿ
ಸೀಟು ಹುಡುಕುತ್ತಿದ್ದ.
"ಎಲ್ಲೈತೆ ನಿನ್ನ ಅಂಗಿ?" ಎಂದಳು.
ನೋಡು ಎಂದೆ.

ನೆರಳು ಗೋಡೆ ಹತ್ತುತ್ತಿತ್ತು.
ತಡವಾಗಿ ಬಂದವನು ನಿಂತಲ್ಲೇ ನಿಂತ.
ಮುಂದಿನ ಸಾಲಿನಲ್ಲಿ
ಶೇಂಗಾ ಒಡೆಯುವ ಸಪ್ಪಳ ನಿಂತಿತು.