ಹಲಗೆ ನೆಲ ಮುಟ್ಟಲಿ

ಮೂವತ್ತೆರಡು ಜಿಬಿಯ ಕಡ್ಡಿ, ಮುಕ್ಕಾಲು ಪಾಲು ಖಾಲಿ.
ಆದರೂ ಕಂಪ್ಯೂಟರ್ ಹೇಳುತ್ತದೆ:
ಈ ಫೈಲು ಇದಕ್ಕೆ ಬಲು ದೊಡ್ಡದು.

ರಾಯಬಂದರಿನ ನನ್ನ ಝೆರಾಕ್ಸ್ ಅಂಗಡಿ, ಮಧ್ಯಾಹ್ನ ಎರಡೂವರೆ,
ಎದುರಿನ ಔಷಧದಂಗಡಿಯವನು ಶಟರ್ ಅರ್ಧ ಎಳೆದು
ಕಾಲು ಮಾತ್ರ ಹೊರಗೆ ಚಾಚಿ ಮಲಗಿರುವ ಹೊತ್ತು.
ಕಡ್ಡಿಯೊಳಗೆ ಹೋಗಬೇಕಾದವಳು ದಿವಾಡಿಯ ಶೆವಂತಿ ಆಜಿ:
ಪುಷ್ಯದ ಬೆಳದಿಂಗಳಲ್ಲಿ ಹೆಂಗಸರ ಸಾಲು ಹಿಡಿದು ಹಾಡಿದ ಧಾಲೊ,
ಒಂದೂಮುಕ್ಕಾಲು ಗಂಟೆ, ಆರು ಜಿಬಿ.

ಫ್ಯಾಟ್ ತರ್ಟಿಟೂ ಹಳೇ ಕಾಲದ ನೆಂಟ,
ಎಲ್ಲರ ಮನೆಯಲ್ಲೂ ಎಲೆ ಹಾಕಿಸಿಕೊಳ್ಳುತ್ತಾನೆ,
ನಾಲ್ಕು ಜಿಬಿಯ ಮೇಲೆ ಒಂದಗುಳೂ ಇಳಿಯದು.
"ಎರಡು ತುಂಡು ಮಾಡು" ಎಂದ ಬಾಸಿಲ್ಯೊ, ಫೋನಿನಲ್ಲಿ, ಏನನ್ನೋ ಅಗಿಯುತ್ತ.
ಎಲ್ಲಿ ಕತ್ತರಿಸಲಿ?
ನಾಲ್ಕು ಮುಗಿಯುವಲ್ಲಿ ಆಜಿ ಉಸಿರೆಳೆದುಕೊಳ್ಳುತ್ತಾಳೆ,
ಆ ಉಸಿರೂ ಹಾಡಿನದೇ.

ಎನ್‌ಟಿಎಫ್‌ಎಸ್ ಮಾಡಿ ಕಳಿಸಿದ್ದೆ ಹೋದ ವಾರ.
ಅವನ ಮ್ಯಾಕು ನೋಡಿತಂತೆ, ಕೇಳಿತಂತೆ,
ಒಂದು ಚುಕ್ಕಿ ಬರೆಯಲೊಲ್ಲದಂತೆ,
ಗಾಜಿನ ಬೀರುವಿನ ಮುಂದೆ ನಿಂತ ಮಗುವಿನ ಹಾಗೆ.

ಉಲ್ಹಾಸ ಮಾಸ್ತರರು ತಮ್ಮ ಲಿನಕ್ಸಿನಲ್ಲಿ
ಎಕ್ಸ್‌ಟಿ ಫೋರ್ ಹಾಕಿಕೊಟ್ಟರು, ಗಟ್ಟಿಮುಟ್ಟು ಎಂದರು.
ನನ್ನ ವಿಂಡೋಸ್ ಅದನ್ನು ಕಂಡು ಹೇಳಿತು:
ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ?
ಓದಲು ಬಾರದ್ದು ತನಗೆ,
ಖಾಲಿ ಎಂದದ್ದು ಕಡ್ಡಿಯನ್ನು.
ಒಮ್ಮೆ ಪಣಜಿ ಬಸ್ಸಿನಲ್ಲಿ ಒಬ್ಬಾತ
ನನ್ನ ಕೈಯ ಪುಸ್ತಕ ನೋಡಿ ಇದೇನು ಜಿಲೇಬಿಯಾ ಎಂದು ನಕ್ಕಿದ್ದ.
ನಾನೂ ನಕ್ಕಿದ್ದೆ, ಆಗ.

ಹಾಡಿನ ಸಾಲುಗಳನ್ನು ಬಾಸಿಲ್ಯೊ ರೋಮನ್ನಿನಲ್ಲಿ ಬರೆಯುತ್ತಾನೆ,
ಮಾಸ್ತರರು ನಾಗರಿಯಲ್ಲಿ,
ನಾನು ಕಾರವಾರದ ನಾದಿನಿಯರಿಗೆಂದು ಕನ್ನಡದಲ್ಲಿ.
ಆಜಿಗೆ ಮೂರೂ ಬಾರದು.
ಓದಿ ಹೇಳಿದರೆ ಮೂವರನ್ನೂ ಒಂದೇ ಕಡೆ ತಿದ್ದುತ್ತಾಳೆ.

ಕೊನೆಗೆ ಎಕ್ಸ್‌ಫ್ಯಾಟ್. ಆರನ್ನೂ ಹೊರುತ್ತದೆ, ಮೂರೂ ಮನೆಯಲ್ಲಿ ಕೂರುತ್ತದೆ.
ಮಾಸ್ತರರ ಹಳೇ ಲ್ಯಾಪ್‌ಟಾಪಿಗೆ ಮಾತ್ರ ಅದರ ಪರಿಚಯವಿಲ್ಲ;
ಸಿಗ್ನಲ್ಲಿಗಾಗಿ ಅವರು ಫೆರಿ ಕಟ್ಟೆಯ ಮೇಲೆ ನಿಂತು
ಛತ್ರಿಯ ನೆರಳಲ್ಲಿ ಏನೋ ಇಳಿಸಿಕೊಂಡರು.
"ಇದು ದಿನಚರಿ ಬರೆಯುವ ಪೈಕಿಯಲ್ಲ" ಎಂದರು ವಾಪಸ್ಸು ಬಂದು,
"ನಡುವೆ ಕಿತ್ತರೆ ಎಲ್ಲಿದ್ದೆ ಅಂತ ಅದಕ್ಕೇ ನೆನಪಿರೋದಿಲ್ಲ.
ಬಾಸಿಲ್ಯೊನಿಗೆ ಹೇಳಿ."

ಎಲ್ಲ ಅಳಿಸಿಹೋಗುತ್ತದೆ, ಸರಿಯೇ?
ಒಳಗೆ ಯಾರದೋ ಆಧಾರ್ ಕಾರ್ಡು, ಯಾರದೋ ಮುಂಜಿಯ ಕರೆಯೋಲೆ,
ಶಾಲೆಯ ಚೀಲದೋಟದಲ್ಲಿ ಬಿದ್ದ ಹುಡುಗ.
ಬೇರೆಡೆ ಇಟ್ಟು, ಮತ್ತೊಮ್ಮೆ ನೋಡಿ, ಸರಿ ಎಂದೆ.

ಹೆಸರು ಬೇಕಂತೆ, ಹನ್ನೊಂದು ಅಕ್ಷರದೊಳಗೆ.
ಕೊಂಬು, ದೀರ್ಘ, ಸೊನ್ನೆ ಎಲ್ಲವನ್ನೂ
ಬಿಡಿಬಿಡಿಯಾಗಿ ಎಣಿಸುವ ಜಿಪುಣ ಇದು.
ಯಾರ ಲಿಪಿಯಲ್ಲಿ ಎಂದು ಮೂವರೂ ಸಂಜೆವರೆಗೆ ಜಗಳವಾಡಿದೆವು.
ಆಜಿ ಸೆರಗಿನಂಚಿನ ಕೆಂಪು ಎಳೆ ಕಿತ್ತು
ಕಡ್ಡಿಯ ತೂತಿಗೆ ಪೋಣಿಸಿ ಗಂಟು ಹಾಕಿದಳು:
ಇನ್ನು ಕಳೆಯೋದಿಲ್ಲ.

ಈಗ ದೀಪ ಮಿನುಗುತ್ತಿದೆ. ತೊಂಬತ್ತೆಂಟು, ತೊಂಬತ್ತೊಂಬತ್ತು.
ಬಾಗಿಲಿನಾಚೆ ದಿವಾಡಿಯ ಫೆರಿ ಬರುತ್ತಿದೆ,
ಹಲಗೆ ನೆಲ ಮುಟ್ಟುವ ಮೊದಲೇ ಜಿಗಿಯುವ ಹುಡುಗರು ತುದಿಯಲ್ಲಿ,
ಮೀನಿನ ಬುಟ್ಟಿಯ ಹೆಂಗಸು ಹಿಂದೆ, ಅವಸರವಿಲ್ಲದೆ.
ನೂರು.
ದೀಪ ಮಾತ್ರ ಇನ್ನೂ ಮಿನುಗುತ್ತಿದೆ.
ಬಾಸಿಲ್ಯೊ ಕೈ ಚಾಚಿದ.
ತಡಿ, ಎಂದೆ.